ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ ಅಪ್ಪಯ್ಯನಿಗೆ

ಪ್ರೀತಿಯ ಅಪ್ಪಯ್ಯಾ,

ಭಂಡಿಗಡಿಯ ಆ ಮದುವೆ ನೆನಪಿದೆಯಾ? ನೀನು ಅಡುಗೆಗೆ, ನಾನು ರಜೆಯಲ್ಲಿ ನಿನ್ನ ಬಾಲ. ಮನೆಯವರು ಪಾಪ, ಉಪ್ಪು, ಸಕ್ಕರೆ, ಸೋಡಾ ಎಂದು ಡಬ್ಬಿಗಳ ಮೇಲೆಲ್ಲ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು. ನೀನು ಮಾತ್ರ ಒಂದೊಂದನ್ನೂ ತೆರೆದು, ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದೆ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ಇಡುವಂತಿಲ್ಲವಲ್ಲ! "ಬರೆದದ್ದು ಕಾಣ್ತಿಲ್ವಾ ಅಪ್ಪಯ್ಯಾ?" ಎಂದು ನಾನು ಎಲ್ಲರೆದುರು ನಕ್ಕುಬಿಟ್ಟೆ. "ಬರೆದವ್ರಿಗೆ ತಪ್ಪಬಹುದು ಕೂಸೆ, ಬೆರಳಿಗೆ ತಪ್ಪಲ್ಲ" ಎಂದಿದ್ದೆ ನೀನು. ಸಾಮಾನಿನ ಪಟ್ಟಿಯನ್ನೂ ಯಾವಾಗಲೂ ನನ್ನಿಂದಲೇ ಬರೆಸುತ್ತಿದ್ದೆ. ನನ್ನ ಅಕ್ಷರ ಚಂದ, ಅದಕ್ಕೇ ಎಂದು ಉಬ್ಬಿಹೋಗಿದ್ದೆ ನಾನು, ಪೆದ್ದಿ.

ಈಗ ನಿನ್ನ ಮೊಮ್ಮಗಳು ನಿಧಿಯ ಕತೆ ಕೇಳು. ನೀನು ಹೋಗುವಾಗ ತೊಟ್ಟಿಲಲ್ಲಿದ್ದವಳು ಈಗ ಜಯಪುರದಲ್ಲಿ ನಾಲ್ಕನೇ ಕ್ಲಾಸು. ಮಾತಿಗೆ ನಿಂತರೆ ಇಡೀ ಬಸ್ ಸ್ಟ್ಯಾಂಡು ಸುಮ್ಮನಾಗಬೇಕು. ಒಂದು ಸಂಜೆ ಸಾಲಿನ ಮೇಲೆ ಬೆರಳಿಟ್ಟು ಗಡಗಡ ಪಾಠ ಓದುತ್ತಿದ್ದಳು. ಬಗ್ಗಿ ನೋಡಿದರೆ ತೆರೆದದ್ದು ಬೇರೆಯೇ ಪಾಠ! ಗೆಳತಿಯರು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಸೋಮಾರಿ, ಕಳ್ಳಿ ಎಂದೆಲ್ಲ ಕೂಗಾಡಿದೆ. ಮರುದಿನ ಅವಳು ಯೂನಿಫಾರಂ ಮುಟ್ಟಲಿಲ್ಲ. "ನಾ ದಡ್ಡಿ ಅಮ್ಮ, ಇನ್ನು ಶಾಲೆಗೆ ಹೋಗಲ್ಲ" ಎಂದಳು. ನಾನೇ ಶಾಲೆಗೆ ಹೋಗಿ ಎಲ್ಲ ಹೇಳಿದೆ ಅಪ್ಪಯ್ಯಾ.

ಅವಳ ಶಾಲೆಯ ಮೇಡಂ ನಮ್ಮನ್ನು ಕೊಪ್ಪಕ್ಕೆ, ಇಂಥ ಮಕ್ಕಳಿಗೆ ಕಲಿಸುವ ಟೀಚರೊಬ್ಬರ ಹತ್ತಿರ ಕಳಿಸಿದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಆ ಟೀಚರು, "ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ ಮಾರಾಯ್ರೆ. ಬುದ್ಧಿ ಚುರುಕಾಗೇ ಉಂಟು. ಓದು ಹಿಡಿಯೋಕೆ ಮಾತ್ರ ಬೇರೆ ದಾರಿ ಬೇಕು, ಜಾಸ್ತಿ ಟೈಮ್ ಬೇಕು. ಬೈಬೇಡಿ" ಎಂದರು. ಆಮೇಲೆ, "ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?" ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಆ ಡಬ್ಬಿಗಳು, ನನ್ನಿಂದ ಬರೆಸುತ್ತಿದ್ದ ಪಟ್ಟಿ ನೆನಪಾದವು. ಎಲ್ಲ ಹೇಳಿದೆ. ಖಂಡಿತ ಹೇಳಲಾಗದು, ಆದರೆ ಇದ್ದಿರಬಹುದು ಎಂದರು ಅವರು. ಎಷ್ಟು ವರ್ಷ ಒಬ್ಬನೇ ಅಂಜಿಕೊಂಡಿದ್ದೆಯೋ? ನಾನು ನಕ್ಕ ದಿನ ನಿನಗೆ ಎಷ್ಟು... ತಪ್ಪಾಯಿತು ಅಪ್ಪಯ್ಯಾ.

ಆ ಟೀಚರು ಹೇಳಿಕೊಟ್ಟಂತೆ ಈಗ ದಿನಾ ಸಂಜೆ ನಮ್ಮ ಮನೆಯಲ್ಲಿ ತಟ್ಟೆ ತುಂಬ ರವೆ. ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತಾ ನಿಧಿ ಅದರಲ್ಲಿ ಬೆರಳಾಡಿಸಿ ಬರೆಯುತ್ತಾಳೆ. ಅರ್ಧ ರವೆ ನೆಲಕ್ಕೆ, ಇರುವೆಗಳಿಗೆ ಹಬ್ಬ! ಉಳಿದದ್ದು ಬೆಳಿಗ್ಗೆ ಉಪ್ಪಿಟ್ಟು. ಇವತ್ತೂ ಅದೇನಾ ಎಂದು ನಿನ್ನ ಅಳಿಯನ ಗೊಣಗಾಟ. ಶಾಲೆಯಲ್ಲೂ ಈಗ ಅವಳನ್ನು ಏಕಾಏಕಿ ಎಬ್ಬಿಸಿ ಓದಿಸುವುದಿಲ್ಲ, ಉತ್ತರವನ್ನು ಬಾಯಲ್ಲೇ ಹೇಳಬಹುದು. ಓದು ನಿಧಾನವೇ. ಆದರೆ ಪುಸ್ತಕದಲ್ಲಿ ಇರುವುದನ್ನೇ ಓದುತ್ತಾಳೆ.

ಮೊನ್ನೆ ಮಂಗಳವಾರ ಏನಾಯಿತು ಗೊತ್ತಾ? ತಾನೇ ಕೈಯೆತ್ತಿ ಓದಲು ನಿಂತಳಂತೆ. ಯಾರೋ ಕಿಸಕ್ಕೆಂದಾಗ ತಲೆ ಎತ್ತಿ, "ನಂಗೆ ಡಿಸ್ಲೆಕ್ಸಿಯಾ. ನಮ್ಮ ಅಜ್ಜಯ್ಯಂಗೂ ಇತ್ತು, ಅವ್ರು ಸಾವಿರ ಜನಕ್ಕೆ ಅಡುಗೆ ಮಾಡ್ತಿದ್ರು. ಸ್ವಲ್ಪ ಕಾಯಿರಿ" ಎಂದು ಹೇಳಿ ಮುಂದಿನ ಸಾಲಿಗೆ ಹೋದಳಂತೆ! ಇದ್ದಿರಬಹುದು ಎಂದದ್ದನ್ನು ಇತ್ತು ಎಂದೇ ಮಾಡಿಬಿಟ್ಟಿದ್ದಾಳೆ, ಸಿಟ್ಟಾಗಬೇಡ. ಯಾಕೆಂದರೆ ಊಟದ ಬಿಡುವಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಂದು, "ನಂಗೂ ಹಾಗೇ ಆಗ್ತದೆ, ಯಾರಿಗೂ ಹೇಳ್ಲಿಲ್ಲ" ಎಂದು ಅವಳ ಕಿವಿಯಲ್ಲಿ ಹೇಳಿದಳಂತೆ. ಆ ಹುಡುಗಿಯ ಅಮ್ಮನ ಹತ್ತಿರ ಮಾತಾಡಿದ್ದೇನೆ. ಈ ಶನಿವಾರ ಕೊಪ್ಪದ ಬಸ್ಸಿಗೆ ನಾವು ನಾಲ್ಕು ಜನ.