ಧರ್ಮದ ಕುಲಾವಿ

ಕಾಮಗೆರೆ
೧೮ ನವೆಂಬರ್ ೨೦೨೪, ಸೋಮವಾರ ಮಧ್ಯಾಹ್ನ

ಮಗಳು ಪವಿತ್ರಳಿಗೆ ಅವ್ವನ ಆಶೀರ್ವಾದಗಳು.

ಹೇಗಿದ್ದೀಯ ಮಗಾ? ಕಾಲು ಊದಿಕೊಂಡಿದೆಯಾ? ಊಟ ಸೇರುತ್ತಿದೆಯಾ? ಹೋದ ಸಲ ನಿನಗೆ ಒಗ್ಗರಣೆ ವಾಸನೆಯೇ ಆಗುತ್ತಿರಲಿಲ್ಲ, ಬರೀ ಮೊಸರನ್ನ ಉಪ್ಪಿನಕಾಯಿಯಲ್ಲಿ ದಿನ ಕಳೆದೆ. ಈ ಸಲವೂ ಹಾಗೇನಾ? ಇದನ್ನೆಲ್ಲ ಫೋನಿನಲ್ಲಿ ಕೇಳಬೇಕಾದವಳು ನಾನು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಗೋಪಿನಾಥಂನಲ್ಲಿ ಸಿಗ್ನಲ್ ಸಿಗುವುದಿಲ್ಲ ಕಣ್ರವ್ವ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಮರ್ಯಾದೆ ಉಳಿಸಿಕೊಂಡಿದ್ದೇನೆ. ಅಳಿಯಂದಿರು ಯಳಂದೂರಿನ ಸ್ಕೂಲು ಬಿಟ್ಟು ಆ ಕಾಡಂಚಿಗೆ ಯಾಕೆ ವರ್ಗ ಕೇಳಿಕೊಂಡರು, ಯಾರ ಮುಖ ನೋಡಬಾರದು ಅಂತ ಕೇಳಿಕೊಂಡರು, ನನಗೆ ಗೊತ್ತಿಲ್ಲದ್ದೇನಲ್ಲ.

ನಿನಗೆ ಏಳು ತಿಂಗಳು ತುಂಬುತ್ತಾ ಬಂತು ಎಂಬ ಸುದ್ದಿ ನನಗೆ ಇವತ್ತು ಬೆಳಿಗ್ಗೆ ತಿಳಿಯಿತು. ಹೆತ್ತವಳಿಗೆ ಗೊತ್ತಾದದ್ದು ಏಳನೇ ತಿಂಗಳಲ್ಲಿ! ಅಳಿಯಂದಿರು ಹನೂರಿಗೆ ಮೀಟಿಂಗಿಗೆ ಬಂದವರು ನಿನಗೆ ಹೇಳದೆ ಇಲ್ಲಿಗೂ ಬಂದರು. ಅವರ ಮೇಲೆ ಹಾರಾಡಬೇಡ. ಪಾಪ, ನಾನು ಇಟ್ಟ ತಟ್ಟೆ ಮುಂದೆ ಕೂತು ಅರ್ಧ ಮುದ್ದೆ ನುಂಗುವಷ್ಟರಲ್ಲಿ ಬೆವೆತುಬಿಟ್ಟರು. ಈಗ ಜಗಲಿಯ ಮೇಲೆ ನಿಮ್ಮಪ್ಪನ ಜೊತೆ ಕೂತಿದ್ದಾರೆ. ಮೂರು ಗಂಟೆಯ ಬಸ್ಸು ಹಿಡಿಯಬೇಕಂತೆ. ಅಷ್ಟರೊಳಗೆ ಇದನ್ನು ಬರೆದು ಅವರ ಕೈಗೆ ಕೊಡುತ್ತೇನೆ. ವಿಷಯ ಇಷ್ಟೇ: ನೀನು ಈ ವಾರವೇ ಹೊರಟು ಕಾಮಗೆರೆಗೆ ಬಾ. ಹೋದ ಸಲ ಏಳು ತುಂಬಿ ಎಂಟಕ್ಕೆ ಬೀಳುತ್ತಲೇ ನೋವು ಬಂತು. ಈ ಸಲವೂ ಹಾಗೇ ಆದರೆ ಏನು ಮಾಡುತ್ತೀಯ? ಅಲ್ಲಿ ದಿನಕ್ಕೆ ಬರುವ ಬಸ್ಸೇ ಬೆರಳೆಣಿಕೆ. ಮಾದಪ್ಪನ ಬೆಟ್ಟದವರೆಗೆ ಕಾಡುದಾರಿ, ಅಲ್ಲಿಂದ ಹನೂರಿಗೆ ತಿರುವುಗಳು. ಆ ದಾರಿಯಲ್ಲಿ ನೋವು ತಿನ್ನುತ್ತಾ ಬರುತ್ತೀಯಾ? ನನ್ನ ಜೊತೆ ಮಾತಾಡಬೇಕಾಗಿಲ್ಲ. ಒಳಕೋಣೆ ನಿನಗೆ ಬಿಟ್ಟುಕೊಡುತ್ತೇನೆ, ಚಿಕ್ಕನಿಂಗಮ್ಮನಿಗೆ ಹೇಳಿ ಅವಳ ಕೈಯಲ್ಲೇ ಊಟ ಕೊಡಿಸುತ್ತೇನೆ. ಪಕ್ಕದ ಮನೆಯವಳಾದರೂ ನಿನ್ನನ್ನು ಎತ್ತಿ ಆಡಿಸಿದವಳು, ಅವಳ ಮೇಲೆ ನಿನಗೇನೂ ಸಿಟ್ಟಿಲ್ಲವಲ್ಲ.

ಇಲ್ಲಿಯ ಸಮಾಚಾರ ಹೇಳುತ್ತೇನೆ. ನೆನ್ನೆ ಕೊಳ್ಳೇಗಾಲದಲ್ಲಿ ನಮ್ಮ ಹೆಣಿಗೆ ಬಳಗದ ಸಮಾರಂಭ ಇತ್ತು. ನಿನಗೆ ಗೊತ್ತಲ್ಲ, ಶಿವರುದ್ರಸ್ವಾಮಿ ಮೇಷ್ಟ್ರ ಹೆಂಡತಿ, ನಾವೆಲ್ಲ ಮೇಷ್ಟ್ರಮ್ಮ ಅನ್ನುತ್ತೇವೆ, ಆಕೆ ಕಟ್ಟಿದ ಬಳಗ. ಆಕೆ ಉಲ್ಲನ್ ತರಿಸಿ ಹಂಚುತ್ತಾರೆ, ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ. ನಾವು ಹನ್ನೆರಡು ಜನ ಹೆಂಗಸರು ಕುಲಾವಿ, ಕಾಲುಚೀಲ ಹೆಣೆದು ಆಕೆಯ ಚೀಲ ತುಂಬಿಸುತ್ತೇವೆ. ಅವು ಆಸ್ಪತ್ರೆಗೆ ಹೋಗುತ್ತವೆ, ತೂಕ ಸಾಲದೆ ಹುಟ್ಟಿದ ಕೂಸುಗಳ ತಲೆಗೆ ಹಾಕುತ್ತಾರೆ. ಕೆಲಸ ಒಳ್ಳೆಯದೇ, ಅದಕ್ಕೆ ನಾನು ಬೇರೆ ಮಾತಾಡುವುದಿಲ್ಲ. ಮೇಷ್ಟ್ರಮ್ಮನಿಗೆ ಮಾತ್ರ ಒಂದು ಕುಣಿಕೆ ಹಾಕುವುದಕ್ಕೂ ಬರುವುದಿಲ್ಲ. ಫೋಟೊ ತೆಗೆಯುವಾಗ ಕಡ್ಡಿ ಹಿಡಿದು ಕೂರುತ್ತಾರೆ, ಅದೂ ತಲೆಕೆಳಗಾಗಿ. ಫೋಟೊದಲ್ಲಿ ಕೂಸು ಕಾಣಬೇಕು, ಕುಲಾವಿ ಕಾಣಬೇಕು, ಆಕೆ ಕಾಣಬೇಕು. ಹೆಣೆದವರ ಮುಖ ಯಾರಿಗೂ ಬೇಕಾಗಿಲ್ಲ. ನೆನ್ನೆ ಮಾತ್ರ ನನ್ನ ಮುಖ ಬೇಕಾಯಿತು.

ನನಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಹೋಗುತ್ತಲೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತವಳನ್ನು ಹೆಸರು ಹಿಡಿದು ಕರೆದು, ಕೈಹಿಡಿದು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಮೇಷ್ಟ್ರಮ್ಮ ಮೈಕು ಹಿಡಿದು ಹೇಳಿದರು, "ಸ್ವಂತ ಮೊಮ್ಮಗಳನ್ನು ಕಳೆದುಕೊಂಡ ನೋವಿನಲ್ಲೂ ಈ ತಾಯಿ ಎರಡು ವರ್ಷದಿಂದ ಕಂಡವರ ಮಕ್ಕಳ ತಲೆ ಬೆಚ್ಚಗಿಟ್ಟಿದ್ದಾರೆ." ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಿನ್ನ ಕೂಸಿನ ಸಾವು ಅವರಿಗೆ ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ಕಥೆಯಾಯಿತು. ಎರಡನೇ ಸಾಲಿನಲ್ಲಿ ರಾಣಿ ಸಿಸ್ಟರ್ ಕೂತಿದ್ದರು, ಆವತ್ತು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದರಲ್ಲ, ಅವರೇ. ಅವರೊಬ್ಬರು ಚಪ್ಪಾಳೆ ತಟ್ಟಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ಮೈಕನ್ನು ನನ್ನ ಬಾಯಿಗೆ ಹಿಡಿದಾಗ, ಹೇಳಿಬಿಡೋಣ, ಎಲ್ಲರ ಮುಂದೆ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಎಲ್ಲರಿಗೂ ನಮಸ್ಕಾರ ಎಂದಷ್ಟೇ ಬಂತು. ಇಳಿದು ಬಂದೆ. ಬಸ್ಸಿನಲ್ಲಿ ಚಿಕ್ಕನಿಂಗಮ್ಮ ಶಾಲು ಮುಟ್ಟಿ ಮುಟ್ಟಿ ನೋಡಿ, ನಿನಗೆ ಬೇಡದಿದ್ದರೆ ನನಗೆ ಕೊಡು, ಚಳಿಗೆ ಚೆನ್ನಾಗಿದೆ ಎಂದಳು. ಕೊಟ್ಟುಬಿಟ್ಟೆ. ಆ ದಿನದಲ್ಲಿ ನನಗೆ ನೆಮ್ಮದಿ ಕೊಟ್ಟ ಕೆಲಸ ಅದೊಂದೇ.

ಮಗಾ, ನೀನು ಮರೆತಿಲ್ಲ ಅಂತ ನನಗೆ ಗೊತ್ತು, ನಾನೂ ಮರೆತಿಲ್ಲ. ಆಗ ನೀವು ಯಳಂದೂರಿನಲ್ಲಿದ್ದಿರಿ. ಆರು ತಿಂಗಳಾಗಿದ್ದಾಗ ನೀನು ಎರಡು ದಿನ ಇದ್ದು ಹೋಗಲು ಇಲ್ಲಿಗೆ ಬಂದಿದ್ದೆ. ನಾನು ಜಗಲಿಯಲ್ಲಿ ಗುಲಾಬಿ ಕುಲಾವಿಗೆ ಅಂಚು ಕಟ್ಟುತ್ತಿದ್ದೆ. ನೀನು ಅದನ್ನು ಕೈಗೆ ತೆಗೆದುಕೊಂಡು ನಿನ್ನ ಮೊಣಕಾಲಿಗೆ ಹಾಕಿ ನೋಡಿ, ನಗುನಗುತ್ತಲೇ ಕೇಳಿದೆ, "ಊರ್ ಮಕ್ಳಿಗೆಲ್ಲ ಕುಲಾವಿ ಆಕ್ತಿದ್ದೀಯಲ್ಲವ್ವ, ನನ್ ಕೂಸ್ಗೊಂದು ಮಾಡ್ಕೊಡಕಾಗಲ್ವಾ?" ನಾನು ಅದನ್ನು ನಿನ್ನ ಕೈಯಿಂದ ಕಸಿದುಕೊಂಡೆ. ಹುಟ್ಟದ ಕೂಸಿಗೆ ಯಾರಾದರೂ ಬಟ್ಟೆ ಮಾಡಿಡುತ್ತಾರಾ, ಓದಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವಾ ಎಂದು ಬೀದಿಗೆ ಕೇಳುವಂತೆ ಗದರಿದೆ. ನಮ್ಮ ಮನೆಗಳಲ್ಲಿ ತೊಟ್ಟಿಲನ್ನೂ ಮುಂಚೆ ತರುವುದಿಲ್ಲ, ಹುಟ್ಟಿದ ಮೇಲೂ ಮೊದಲು ಸುತ್ತುವುದು ಹಳೇ ಸೀರೆಯಲ್ಲಿ. ನಿನ್ನನ್ನೂ ನಿಮ್ಮಜ್ಜಿಯ ಹಳೇ ಸೀರೆಯ ತುಂಡಿನಲ್ಲೇ ಸುತ್ತಿದ್ದು. ಇದು ನಿನಗೆ ಗೊತ್ತಿತ್ತು. ಆದರೂ ಆಸೆಯಿಂದ ಕೇಳಿದೆ. ನಾನು ಮೆತ್ತಗೆ ಬೇಡ ಅನ್ನಬಹುದಿತ್ತು. ನೀನು ಅವತ್ತು ಸಂಜೆಯೇ ಬಸ್ಸು ಹತ್ತಿದೆ.

ಆಮೇಲಿನದ್ದು ನಮ್ಮ ಕುಲಾವಿಗಳು ಹೋಗುವ ಆ ಆಸ್ಪತ್ರೆಯಲ್ಲೇ ಆದದ್ದು. ಕೂಸು ಅವಸರಕ್ಕೆ ಬಂತು. ಒಂದು ಕೆಜಿ ಮುನ್ನೂರು ಗ್ರಾಂ, ನನ್ನ ಅಂಗೈ ಮೇಲೆ ಮಲಗಿಸಿದರೆ ಜಾಗ ಉಳಿಯುತ್ತಿತ್ತು. ಕುಲಾವಿ ತಂದುಕೊಡುವ ಅವ್ವ ಅಂತ ಗುರುತಿದ್ದುದರಿಂದ ನನ್ನನ್ನು ಕೈ ತೊಳೆಸಿ ಒಳಗೆ ಬಿಟ್ಟರು. ಎರಡನೇ ದಿನ ಬೆಳಿಗ್ಗೆ ನಿನ್ನನ್ನು ಗಾಲಿ ಕುರ್ಚಿಯಲ್ಲಿ ಬಾಗಿಲವರೆಗೆ ತಂದಾಗ ನೀನು ಗಾಜಿನೊಳಗಿಂದ ಕಂಡದ್ದು ನಿಜ. ನಾನು ಕೂಸಿನ ತಲೆಯಿಂದ ಕುಲಾವಿ ಕಿತ್ತೆ. ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ರಾಣಿ ಸಿಸ್ಟರ್ ಓಡಿ ಬಂದು, ನಿಮಗೆ ತಲೆ ಕೆಟ್ಟಿದೆಯಾ ಎಂದು ಬೈದು ಬೇರೆ ಕುಲಾವಿ ತಂದು ಹಾಕಿದರು. ಮೂರನೇ ದಿನ ಕೂಸು ಹೋಯಿತು. ಶ್ವಾಸಕೋಶ ಬಲಿತಿರಲಿಲ್ಲ, ಯಾರಿಂದಲೂ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ ಎಂದು ಡಾಕ್ಟರು ನಿಮ್ಮಪ್ಪನಿಗೂ ಅಳಿಯಂದಿರಿಗೂ ಕೂರಿಸಿಕೊಂಡು ಹೇಳಿದರು. ಅವರಿಬ್ಬರೂ ನಂಬಿದರು. ನೀನು ನಂಬಲಿಲ್ಲ. ನಾನೂ ನಂಬಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ನೀನಂತೂ ನನ್ ಕೂಸ್ಗೆ ಒಂದ್ ದಾರನೂ ಎಣೆದ್ಕೊಡ್ಲಿಲ್ಲ. ಯಾರೋ ಧರ್ಮಕ್ ಕೊಟ್ಟ ಕುಲಾವಿನೂ ನಿನ್ ಕಣ್ಗೆ ಜಾಸ್ತಿ ಆಯ್ತಾ?" ಯಾಕೆ ಕಿತ್ತೆ ಅಂತ ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆದರೂ ಒಂದು ಮಾತು, ನೀನೂ ಸಾಮಾನ್ಯದವಳಲ್ಲ. ನಿಮ್ಮಪ್ಪನ ಕಣ್ಣಿನ ಆಪರೇಷನ್ನಿಗೆ ಬರಲಿಲ್ಲ. ಎರಡು ದೀಪಾವಳಿ ಹೋಯಿತು, ಈ ಬಾಗಿಲು ತುಳಿಯಲಿಲ್ಲ. ನನ್ನನ್ನು ಶಿಕ್ಷಿಸು, ಒಪ್ಪಿದೆ, ಆ ಮುದುಕರು ಏನು ಮಾಡಿದ್ದರು? ಅವರು ಇವತ್ತು ಬೆಳಿಗ್ಗೆ ಸುದ್ದಿ ಕೇಳಿದವರೇ ಒಳಕೋಣೆಗೆ ಹೋಗಿ ಅಲ್ಲಿದ್ದ ರಾಗಿ ಮೂಟೆಗಳನ್ನು ಒಂದೊಂದಾಗಿ ಹೊರಗೆ ತಂದು ಹಾಕಿದರು. ಬೆನ್ನು ನೋವಿನ ಮನುಷ್ಯ, ಬೇಡ ಅಂದರೂ ಕೇಳಲಿಲ್ಲ. ಕೋಣೆ ಗುಡಿಸಿ ಕಿಟಕಿ ತೆಗೆದಿಟ್ಟಿದ್ದಾರೆ.

ಇನ್ನೇನು ಬರೆಯಲಿ? ಬಿಸಿನೀರು ಕುಡಿ. ನೀರಿನ ಕೊಡ ಎತ್ತಬೇಡ, ಅಳಿಯಂದಿರಿಗೆ ಹೇಳಿದ್ದೇನೆ, ಅವರೇ ತರುತ್ತಾರೆ. ಮಾದಪ್ಪನ ಬೆಟ್ಟದ ಪಕ್ಕದಲ್ಲೇ ಇದ್ದೀಯ, ಆ ಸ್ವಾಮಿ ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ. ನಿಮ್ಮಪ್ಪನ ಆಶೀರ್ವಾದ, ಚಿಕ್ಕನಿಂಗಮ್ಮನ ಆಶೀರ್ವಾದ. ನನ್ನದು ಬೇಕಾದರೆ ತೆಗೆದುಕೋ.

ನಿನ್ನ ಅವ್ವ,
ದೊಡ್ಡಬಸಮ್ಮ

ಮರೆತಿದ್ದೆ: ಮರೆತದ್ದಲ್ಲ, ಸುಳ್ಳು ಯಾಕೆ ಹೇಳಲಿ, ಇಷ್ಟು ಹಾಳೆ ತುಂಬಿಸಿದರೂ ಬರೆಯದೆ ಉಳಿಸಿಕೊಂಡದ್ದು. ಅಳಿಯಂದಿರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬಸ್ಸು ತಪ್ಪುತ್ತದೆ ಅಂತ ನಿಮ್ಮಪ್ಪ ಕೂಗುತ್ತಿದ್ದಾರೆ. ನಿನ್ನ ಕೂಸಿಗೆ ನಾನು ಕುಲಾವಿ ಹೆಣೆದಿದ್ದೆ. ನೀನು ಕೇಳುವುದಕ್ಕೂ ಮುಂಚೆ, ನಿನಗೆ ನಾಲ್ಕು ತಿಂಗಳಿದ್ದಾಗ. ನೀನು ನಾಲ್ಕನೇ ಕ್ಲಾಸಿನಲ್ಲಿ ಹಾಕುತ್ತಿದ್ದ ಅರಿಶಿನ ಬಣ್ಣದ ಸ್ವೆಟರ್ ಬಿಚ್ಚಿ ಆ ನೂಲಿನಲ್ಲಿ ಹೆಣೆದೆ. ಹಳೇ ನೂಲಲ್ಲವಾ, ದೋಷವಿಲ್ಲ ಅಂತ ನನಗೆ ನಾನೇ ನ್ಯಾಯ ಹೇಳಿಕೊಂಡೆ. ಮುಂದಿನ ತಿಂಗಳು ನಿನಗೆ ರಕ್ತ ಕಂಡಿತು, ಅಳುತ್ತಾ ಫೋನ್ ಮಾಡಿದೆಯಲ್ಲ. ಆ ಕುಲಾವಿಯನ್ನು ಇಟ್ಟುಕೊಳ್ಳಲು ಭಯ, ಸುಡಲು ಮನಸ್ಸಿಲ್ಲ. ದಾನ ಕೊಟ್ಟುಬಿಟ್ಟರೆ ನಮ್ಮದಲ್ಲವಲ್ಲ ಅಂತ ಮೇಷ್ಟ್ರಮ್ಮನ ಚೀಲದ ತಳಕ್ಕೆ ಹಾಕಿ ಕಳಿಸಿದೆ. ರಕ್ತ ನಿಂತಿತು. ಗೆದ್ದೆ ಅಂದುಕೊಂಡೆ. ನೀನು ಕೇಳಿದಾಗ ಹಾಗೆ ಗದರಿದ್ದು ಆ ಭಯಕ್ಕೆ. ಆಮೇಲೆ ಆಸ್ಪತ್ರೆಯಲ್ಲಿ ಸಿಸ್ಟರ್ ಬೀರುವಿನಿಂದ ಕೈಗೆ ಸಿಕ್ಕಿದ ಕುಲಾವಿ ತೆಗೆದು ಹಾಕಿದ್ದರು. ಗುಲಾಬಿಯಲ್ಲ, ನೀಲಿಯಲ್ಲ, ಅರಿಶಿನ ಬಣ್ಣದ್ದು. ಕೊಟ್ಟ ದಾನ ಹಿಂದಕ್ಕೆ ಬಂದು ನಮ್ಮ ಕೂಸಿನ ತಲೆಯ ಮೇಲೆಯೇ ಕೂತಿತ್ತು. ಕಾಪಾಡುತ್ತಿದ್ದೇನೆ ಅಂದುಕೊಂಡು ಕಿತ್ತೆ ಮಗಾ. ಸಿಸ್ಟರ್ ಬೇರೆಯದು ತರುವವರೆಗೆ ಕೂಸಿನ ತಲೆ ಬರಿದಾಗಿತ್ತು, ಒಂದು ಸಾಲು ಹೆಣೆಯುವಷ್ಟು ಹೊತ್ತು. ಎರಡು ವರ್ಷದಿಂದ ಆ ಸಾಲನ್ನೇ ಹೆಣೆಯುತ್ತಿದ್ದೇನೆ, ಮುಗಿದಿಲ್ಲ. ಇದಕ್ಕೆ ಶಾಲು ಹೊದಿಸಿದರು.

ಆ ಕುಲಾವಿಯನ್ನು ನೆನ್ನೆ ಬಂದವಳೇ ಬಿಚ್ಚಿಹಾಕಿದೆ. ನೂಲನ್ನು ಉಂಡೆ ಸುತ್ತಿ ಇಟ್ಟಿದ್ದೇನೆ, ಒಂದು ಕುಣಿಕೆಯನ್ನೂ ಹಾಕುವುದಿಲ್ಲ. ನೀನು ಬಾ. ಕೂಸು ಹುಟ್ಟಿ ಅತ್ತದ್ದು ನನ್ನ ಕಿವಿಗೆ ಬಿದ್ದ ಮೇಲೆ, ನೀನು ಹೆಣಿ ಅಂದರೆ ಅಲ್ಲೇ ಬಾಗಿಲಲ್ಲಿ ಕೂತು ಹೆಣೆಯುತ್ತೇನೆ, ಮೂರು ಗಂಟೆ ಸಾಕು. ಬೇಡ ಅಂದರೆ ಇಲ್ಲ. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಸಿಸ್ಟರ್ ಕೊಡುವ ಧರ್ಮದ ಕುಲಾವಿ ಕೂಸಿನ ತಲೆಯ ಮೇಲೆ ಇರಲಿ. ಅದು ಯಾವ ಬಣ್ಣದ್ದಾದರೂ ನಾನು ಮುಟ್ಟುವುದಿಲ್ಲ.