ಈ ಶುಕ್ರವಾರ ಕಾರಿಗೆ ಕರ್ಪೂರ ಬೇಡ

ಅಪ್ಪಾ,

ಇವತ್ತು ಶುಕ್ರವಾರ ಅಂತ ಕಾರಿಗೆ ಕರ್ಪೂರ ಹಚ್ಚಬೇಡ. ಸ್ಟಾರ್ಟ್ ಕೂಡ ಮಾಡಬೇಡ.

ಅದು ಸಿಗ್ನಲ್ ಸಿಗ್ನಲ್‌ಗೂ ಆಫ್ ಆಗುತ್ತಿರುವುದು ಯಾರದೋ ಕಣ್ಣು ಬಿದ್ದು ಅಲ್ಲ. ಬೆಳಿಗ್ಗೆ ಪೆಟ್ರೋಲ್ ಪ್ರೆಷರ್ ರೆಗ್ಯುಲೇಟರ್‌ನ ಬರೀ ಗಾಳಿ ಎಳೆಯುವ ವ್ಯಾಕ್ಯೂಮ್ ಪೈಪ್ ಬಿಚ್ಚಿ ನೋಡಿದೆ. ಒಂದು ಹನಿಯೂ ಇರಬಾರದ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿತು. ಅಂದರೆ ರೆಗ್ಯುಲೇಟರ್ ಒಳಗಿನ ರಬ್ಬರ್ ಹರಿದಿದೆ. ಪೈಪೂ ಸೀಳಿದೆ, ನೀನು ಸುತ್ತಿದ್ದ ಟೇಪು ಕರಗಿ ಅಂಟಂಟಾಗಿದೆ. ಬಾನೆಟ್ ಒಳಗೆಲ್ಲ ಪೆಟ್ರೋಲ್ ವಾಸನೆ. ಹೋದ ವಾರ ಅದರ ಮುಂದೆಯೇ ನೀನು ಆರತಿ ಎತ್ತಿದ್ದೆ.

“ಎಣ್ಣುಡ್ಗೀಗೆ ಇಂಜಿನ್ ಏನ್ ಗೊತ್ತಾಯ್ತದೆ” ಅನ್ನಬೇಡ. ಪೀಣ್ಯದ ಫ್ಯಾಕ್ಟರಿಯಲ್ಲಿ ದಿನವಿಡೀ ನಾನು ಮಾಡುವುದು ಲೀಕ್ ಟೆಸ್ಟೇ.

ಕರ್ಪೂರದ ಡಬ್ಬಿ, ಬೆಂಕಿಪೊಟ್ಟಣ ಎರಡೂ ನನ್ನ ಬ್ಯಾಗಿನಲ್ಲಿವೆ, ಹುಡುಕಬೇಡ. ಅಂಗಡಿಗೆ ಹೋಗಿ ಬೇರೆ ತರಲೂಬೇಡ. ಹತ್ತೂವರೆಗೆ ಟೀಗೆ ಬಿಟ್ಟಾಗ ಫೋನ್ ಮಾಡುತ್ತೇನೆ, ಮೊದಲ ರಿಂಗಿಗೇ ಎತ್ತು. ಎತ್ತದಿದ್ದರೆ ಅರ್ಧ ದಿನ ರಜಾ ಹಾಕಿ ಬಂದುಬಿಡುತ್ತೇನೆ.

ದೃಷ್ಟಿ ತೆಗೆಯದೆ ನಿನಗೆ ಸಮಾಧಾನವಾಗದಿದ್ದರೆ, ಸಂಜೆ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ. ನನಗೆ ತೆಗೆ.

ಲಾವಣ್ಯ