ಸಾಕ್ಷಿಯ ಕೊನೆಯ ಮಾತು

ವನಗೂರು
ಗುರುವಾರ

ಪಾಸ್ಟರ್ ಅವರಿಗೆ ದ್ಯಾವಯ್ಯನ ಸ್ತೋತ್ರ.

ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಲು ತಯಾರಾಗು ಎಂದಿರಿ. ಮೊದಲು ಹೇಗಿದ್ದೆ, ಯೇಸು ಹೇಗೆ ಸಿಕ್ಕಿದ, ಈಗ ಹೇಗಿದ್ದೇನೆ, ಇಷ್ಟು ಸಾಕು ಎಂದಿರಿ. ಕುಡಿದು ಎಸ್ಟೇಟಿನ ಕೂಲಿ ಲೈನಿನ ಮನೆಗಳವರನ್ನೆಲ್ಲ ಬೈಯುತ್ತಿದ್ದೆ, ಪ್ರಾರ್ಥನೆಗೆ ಬಂದ ಮೇಲೆ ಬಿಟ್ಟೆ. ಅದು ನಿಜ, ಹೇಳುತ್ತೇನೆ. ಆದರೆ "ನನ್ನ ಹೆಂಡತಿ ಹುಲಿಯಮ್ಮ ಪೂರ್ತಿ ವಾಸಿಯಾದಳು" ಎಂದು ಮುಗಿಸು ಅಂದಿರಲ್ಲ, ಅದು ನನ್ನಿಂದಾಗದು.

ನಿನ್ನೆ ಮನೆಯಲ್ಲಿ ಜೋರಾಗಿ ಹೇಳಿ ಕಲಿಯುತ್ತಿದ್ದೆ. ಹುಲಿಯಮ್ಮ ಚಾಪೆಯ ಮೇಲಿಂದಲೇ, "ಅದ್ಯಾವೋಳಯ್ಯ ಆ ವಾಸಿಯಾದೋಳು? ಒಸಿ ಕರ್ಕೊಂಬಾ, ನೀರಾದ್ರೂ ಕಾಯಿಸ್ಲಿ" ಅಂದಳು. ರೇಗಿಬಿಟ್ಟೆ. ಆಮೇಲೆ ಗಂಜಿ ಕುಡಿಸಿದೆ, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಡಾಕ್ಟರು ಕೈಬಿಟ್ಟಾಗ ನೀವೂ ಪಕ್ಕದಲ್ಲೇ ಇದ್ದಿರಿ.

ದೇವರ ಮೇಲೆ ಸಿಟ್ಟಿಲ್ಲ ಎಂದರೆ ಅದೂ ಸುಳ್ಳು. ಆದರೂ ಸಭೆ ಬಿಡುವುದಿಲ್ಲ. ಕುಡಿತ ಬಿಟ್ಟಿದ್ದನ್ನು ಹೇಳಿ ಕೂತುಬಿಡುತ್ತೇನೆ. ಅಷ್ಟು ಸಾಲದಿದ್ದರೆ ಬೇರೆಯವರನ್ನು ಕರೆಯಿರಿ.

ಅವಳೂ ಬರುತ್ತಾಳಂತೆ, ನಾನು ಏನು ಹೇಳುತ್ತೇನೋ ಕೇಳಬೇಕಂತೆ. ಏರು ಹತ್ತಲಾರಳು, ಜೀಪು ಕಳಿಸಿ. ಹಿಂದುಗಡೆ ಮಲಗಿಸಲು ಜಾಗವಿರಲಿ.

ಇಂತಿ,
ದ್ಯಾವಯ್ಯ